ಕಲ್ಲೋ ಕೊಡಲಿಯೋ

ನಮ್ಮ ಭಾವನನ್ನು ವರ್ಕ್‌ಶಾಪಿನಲ್ಲಿ ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ತಡಿಯಣ್ಣ ಅನ್ನುತ್ತಿದ್ದರು. ಏನು ಕೇಳಿದರೂ ಮೊದಲು ‘ತಡಿ’ ಅನ್ನುವುದು ಅವರ ಚಾಳಿ. ನಮ್ಮಪ್ಪ ಅಕ್ಕನ ಮದುವೆಯ ಮಾತೆತ್ತಿದಾಗಲೂ ತಡೀರಿ ಅಂದಿದ್ದರಂತೆ. ಅಪ್ಪನ ಜೀವ ಬಾಯಿಗೆ ಬಂದಿತ್ತಂತೆ.

ಅವರ ಕೆಲಸ ಲೋಹ ಕಡೆಯುವ ಲೇತ್ ಮೇಲೆ. ಷಾಫ್ಟನ್ನು ಕಚ್ಚಿಸಿ, ತಿರುಗಿಸಿ ನೋಡಿ, ಅಳೆದು, ನಂಬದೆ ಇನ್ನೊಮ್ಮೆ ಅಳೆದು, ಆಮೇಲೆ ಕೂದಲೆಳೆಯಷ್ಟು ಲೋಹ ತೆಗೆಯುತ್ತಿದ್ದರು. ಜಾಸ್ತಿ ತೆಗೆದರೆ ಮತ್ತೆ ಅಂಟಿಸೋಕಾಗುತ್ತಾ ಎಂದು ಕೇಳುತ್ತಿದ್ದರು. ಪಕ್ಕದ ಶೆಡ್ಡಿನ ವೆಲ್ಡರಿಗೆ ಈ ನಿಧಾನ ಕಂಡರೆ ಮೈಯೆಲ್ಲ ಉರಿ. ಅವನದು ಅಂಟಿಸುವ ಕೆಲಸವೇ ತಾನೆ. ಅವನನ್ನು ಎಲ್ಲರೂ ಕಿಡಿ ಅನ್ನುತ್ತಿದ್ದರು; ಬಾಯಿ ತೆರೆದರೂ ಅದೇ ಹಾರುತ್ತಿತ್ತು.

ಒಂದು ಕಾಲದಲ್ಲಿ ಇವರಿಬ್ಬರೂ ವರ್ಕ್‌ಶಾಪ್ ತಂಡದ ಆರಂಭಿಕ ಬ್ಯಾಟ್ಸ್‌ಮನ್‌ಗಳು. ಮಂಡಿ ಸೋತು ಬ್ಯಾಟು ಕೆಳಗಿಟ್ಟ ಮೇಲೆ ಬಾಯಲ್ಲೇ ಆಡತೊಡಗಿದರು. ದೇಶದ ಟೆಸ್ಟ್ ತಂಡಕ್ಕೆ ಆಗ ಇನ್ನಿಂಗ್ಸ್ ಆರಂಭಿಸುತ್ತಿದ್ದ ಇಬ್ಬರಿಗೆ ಇವರೇ ಕಲ್ಲು, ಕೊಡಲಿ ಎಂದು ಹೆಸರಿಟ್ಟಿದ್ದರು. ಊಟದ ಡಬ್ಬಿ ಬಿಚ್ಚಿದರೆ ಸಾಕು, ಕಲ್ಲು ಹೆಚ್ಚೋ ಕೊಡಲಿ ಹೆಚ್ಚೋ ಅನ್ನುವ ಪಂಚಾಯಿತಿ ಶುರು. ಭಾವ ಕಲ್ಲಿನ ಕಡೆ. ಹೊಸ ಚೆಂಡು ಹೊಳಪಿರುವವರೆಗೆ ಗಾಳಿಯಲ್ಲಿ ಹೊರಳುತ್ತದೆ. ಆಗ ಅದರ ತಂಟೆಗೆ ಹೋಗದೆ ಬಿಡುವವನೇ ಗಂಡಸು. ಅವನು ಬೆಳಗೆಲ್ಲ ಮೈ ನೋಯಿಸಿಕೊಂಡು ಇಪ್ಪತ್ತು ರನ್ ಮಾಡಿದ್ದಕ್ಕೇ ಹಿಂದೆ ಬಂದವನು ನೂರು ಹೊಡೆಯುತ್ತಾನೆ ಎನ್ನುತ್ತಿದ್ದರು. ಕಿಡಿ ಕೊಡಲಿಯ ಕಡೆ. ಬಿಡುತ್ತಾ ಕೂತರೆ ಬೌಲರಿಗೆ ಧೈರ್ಯ ಬರುತ್ತದೆ, ಮೊದಲ ಓವರಿನಲ್ಲೇ ಎರಡು ಬಾರಿಸಿದರೆ ಸ್ಲಿಪ್ಪಿನಲ್ಲಿ ನಿಂತವರೆಲ್ಲ ಬೌಂಡರಿಗೆ ಓಡುತ್ತಾರೆ ಅನ್ನುವುದು ಅವನ ವಾದ. ಎರಡನೇ ಓವರಿನಲ್ಲೇ ಔಟಾದರೋ ಎಂದು ಭಾವ ಕೇಳಿದರೆ, ಆಗ ನಿನ್ನ ಕಲ್ಲು ಇದೆಯಲ್ಲ, ಹೊತ್ತು ಕೂರಲಿ ಎನ್ನುತ್ತಿದ್ದ. ಸ್ಟೋರಿನಲ್ಲಿ ಕೆಲಸ ಮಾಡುವ ನನಗೆ ಕ್ರಿಕೆಟ್ ಅಷ್ಟಕ್ಕಷ್ಟೆ. ಇಬ್ಬರ ನಡುವೆ ಕೂತು ನನ್ನ ಅನ್ನ ಆರಿಹೋಗುತ್ತಿತ್ತು.

ಹೀಗಿರುವಾಗ ಭಾವನ ದನಿ ಒಡೆಯಿತು. ನೆಗಡಿ ಅಂದುಕೊಂಡೆವು. ನೆಗಡಿ ಹೋಯಿತು, ದನಿ ಬರಲಿಲ್ಲ. ನುಂಗುವಾಗ ಏನೋ ಅಡ್ಡ ಸಿಕ್ಕಂತಾಗುತ್ತದೆ ಎಂದು ಒಮ್ಮೆ ಬಾಯಿ ತಪ್ಪಿ ಅಂದುಬಿಟ್ಟರು. ಅಕ್ಕ ಅವತ್ತೇ ಬೀದಿ ಕೊನೆಯ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಅವರು ಟಾರ್ಚು ಬಿಟ್ಟು ನೋಡಿ, ದೊಡ್ಡಾಸ್ಪತ್ರೆಗೆ ಹೋಗಿ, ಗಂಟಲೊಳಗಿಂದ ಚೂರು ತೆಗೆದು ಪರೀಕ್ಷೆ ಮಾಡಬೇಕು ಎಂದರು.

ಭಾವ ತಡಿ ಅಂದರು. ಅಕ್ಕ ಅತ್ತಳು, ಮಾತು ಬಿಟ್ಟಳು, ಕೊನೆಗೆ ಕಿಡಿಯ ಮನೆಗೇ ಹೋಗಿ, ನೀವು ಹೇಳಿದರೆ ಕೇಳ್ತಾರಣ್ಣ ಎಂದು ಕೈಮುಗಿದಳು. ಮರುದಿನ ಊಟದ ಹೊತ್ತಿಗೆ ಅವನು ಆ ಮಾತೆತ್ತಿದ.

“ಹೊಸ ಚೆಂಡು ಕಣೋ ಇದು,” ಎಂದರು ಭಾವ, ಹರಿದ ದನಿಯಲ್ಲಿ. “ಈಗಲೇ ಕೈ ಹಾಕಿದ್ರೆ ಕೆರಳುತ್ತೆ. ಸ್ವಲ್ಪ ಹಳೇದಾಗ್ಲಿ, ತಾನೇ ಮೆತ್ತಗಾಗುತ್ತೆ.”

ಕಿಡಿ ಡಬ್ಬಿಯ ಮುಚ್ಚಳ ಮುಚ್ಚಿದ. “ನಿನ್ನ ಕಲ್ಲು ಹೊರಗೆ ಹೋಗೋ ಚೆಂಡನ್ನ ಬಿಡ್ತಾನೆ. ಎಲ್ಲಾನೂ ಬಿಡಲ್ಲ. ಇದು ಎಲ್ಲಿಗೆ ಬರ್ತಿದೆ ಅಂತ ನೋಡಿದೀಯಾ ನೀನು?”

ಭಾವ ಎದ್ದು ಲೇತಿನ ಕಡೆ ಹೋದರು. ಲೋಹದ ವಿಷಯದಲ್ಲಿ ಅಳೆಯದೆ ಒಂದು ಹೆಜ್ಜೆ ಇಡದ ಮನುಷ್ಯ ತನ್ನ ಗಂಟಲನ್ನು ಅಳೆಯಲು ಬಿಡಲಿಲ್ಲ. ಆ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ.

ಅನ್ನ ಹೋಗಿ ಗಂಜಿಯಾಯಿತು. ಅದೂ ಇಳಿಯದಾದಾಗ ತಾವಾಗಿಯೇ ಹೊರಡೋಣ ಎಂದರು. ದೊಡ್ಡಾಸ್ಪತ್ರೆಯಲ್ಲಿ ದನಿಪೆಟ್ಟಿಗೆಯನ್ನೇ ತೆಗೆದು, ಉಸಿರಾಡಲು ಕೊರಳಲ್ಲಿ ತೂತು ಮಾಡಿದರು. ಅಷ್ಟರಲ್ಲಿ ಕ್ಯಾನ್ಸರು ಶ್ವಾಸಕೋಶಕ್ಕೂ ಇಳಿದಿತ್ತು. ಮೊದಲೇ ಬಂದಿದ್ದರೆ ಸಣ್ಣದರಲ್ಲಿ ಮುಗಿಯುತ್ತಿತ್ತು ಎಂದು ಡಾಕ್ಟರು ಅಕ್ಕನ ಎದುರೇ ಹೇಳಿದರು.

ಕಿಡಿ ನೋಡಲು ಬಂದ ದಿನ ಟೆಸ್ಟ್ ನಡೆಯುತ್ತಿತ್ತು. ದಿಂಬಿನ ಪಕ್ಕ ರೇಡಿಯೊ ಇಟ್ಟಿದ್ದೆವು. ಕೊಡಲಿ ಸೊನ್ನೆಗೆ ಹೋಗಿದ್ದ, ಕಲ್ಲು ಬೆಳಗಿನಿಂದ ನಿಂತೇ ಇದ್ದ. ಕಿಡಿ ಸ್ಟೂಲು ಎಳೆದು ಕೂತು, ಜೀವಮಾನದಲ್ಲಿ ಆಡದ ಮಾತು ಆಡಿದ.

“ನೀನೇ ಗೆದ್ದೆ ಕಣೋ. ಕಲ್ಲೇ ಹೆಚ್ಚು.”

ಭಾವ ಅಲ್ಲವೆಂದು ತಲೆಯಾಡಿಸಿದರು. ಡ್ರಿಪ್ಪಿನ ನಳಿಗೆ ಚುಚ್ಚಿದ್ದ ಎರಡೂ ಕೈಗಳನ್ನು ಬ್ಯಾಟು ಹಿಡಿದಂತೆ ಭುಜದ ಮೇಲಕ್ಕೆತ್ತಿ, ಚೆಂಡು ಬಿಡುವವರ ಹಾಗೆ ಹಿಡಿದರು. ಆಮೇಲೆ ಒಂದು ಬೆರಳು ನಿಲ್ಲಿಸಿ, ಅದನ್ನು ಹಿಂದಕ್ಕೆ ಬೀಳಿಸಿ ತೋರಿಸಿದರು.

“ಏನು ಬೇಕಂತೆ? ನೀರಾ?” ಎಂದಳು ಅಕ್ಕ.

“ನೀರಲ್ಲ ತಂಗಿ,” ಎಂದ ಕಿಡಿ. “ಬಿಟ್ಟ ಚೆಂಡು ಒಳಗೆ ಬಂತು, ಬೌಲ್ಡ್ ಆದೆ ಅಂತಿದಾನೆ. ನೀನು ಹೇಳಿದಾಗಲೇ ಬರಬೇಕಿತ್ತು ಅಂತ.”

ಅಕ್ಕ ಭಾವನ ಕೈಗಳನ್ನು ಕೆಳಗಿಳಿಸಿ ಹೊದಿಕೆ ಸರಿಮಾಡಿದಳು. ಇಷ್ಟು ವರ್ಷ ಮನೆಯಲ್ಲಿ ಕ್ರಿಕೆಟ್ ಕೇಳಿ ಕೇಳಿ ಅವಳ ಕಿವಿಗೂ ಅಷ್ಟಿಷ್ಟು ಬಿದ್ದಿತ್ತು.

“ಟೆಸ್ಟಲ್ಲಿ ಔಟಾದೋರಿಗೂ ಇನ್ನೊಂದು ಸಲ ಆಡೋಕೆ ಬಿಡ್ತಾರಲ್ವಾ ಅಣ್ಣ?” ಎಂದು ಕೇಳಿದಳು.

ಕಿಡಿ ನನ್ನ ಮುಖ ನೋಡಿದ. ನಾನು ಕೈ ಚಾಚಿ ರೇಡಿಯೊ ಆರಿಸಿದೆ.