ನಾಲ್ವರ ತಟ್ಟೆ

ಮಹ್ತಾಬ್ ಬೆಹನ್‌ಜಿಗೆ ಜಂಬ ಎಂದು ನಮ್ಮ ಕೇರಿಯವರು ಇವತ್ತಿಗೂ ಹೇಳುತ್ತಾರೆ. ಅವರ ಬಾಯಿಗೆ ಮಣ್ಣು ಬೀಳಲಿ! ಜೇಲಂ ದಡದ ಈ ಓಣಿಯಲ್ಲಿ ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸಲು ಮೊದಲು ಬಾಗಿಲು ತೆರೆದವರು ಬೆಹನ್‌ಜಿ. ದೋಣಿಯವರ ಮಗಳು ಖೋತನ್, ಅಂದರೆ ನಾನು, ಅವರ ಮೊದಲ ಶಿಷ್ಯೆಯರಲ್ಲಿ ಒಬ್ಬಳು. ಹಾಗಾಗಿ ಹೇಳುವ ಹಕ್ಕು ನನಗಿದೆ.

ಬೆಹನ್‌ಜಿಯ ಅಪ್ಪ ಸುಲ್ಲ ಮದುವೆಮನೆಗಳ ಅಡುಗೆಯವನು. ತಾಯಿಯಿಲ್ಲದ ಮಗುವನ್ನು ಎಲ್ಲಿ ಬಿಟ್ಟು ಹೋಗುತ್ತಾನೆ? ಒಲೆಸಾಲಿನ ಪಕ್ಕದಲ್ಲೇ ಕೂರಿಸಿಕೊಂಡು ಮಾಂಸ ಜಜ್ಜುತ್ತಿದ್ದ. ನಮ್ಮ ಮದುವೆಯೂಟದಲ್ಲಿ ತ್ರಾಮಿ ಎನ್ನುವ ದೊಡ್ಡ ತಾಮ್ರದ ತಟ್ಟೆಯೊಂದಕ್ಕೆ ನಾಲ್ವರು. ಸಾಹುಕಾರನಾಗಲಿ ಕೂಲಿಯವನಾಗಲಿ, ಒಂದೇ ಅನ್ನದ ಗುಡ್ಡೆಗೆ ನಾಲ್ಕು ಕಡೆಯಿಂದ ಕೈ ಹಾಕಬೇಕು. ಆ ತಟ್ಟೆಗಳನ್ನು ಎಣಿಸುತ್ತಲೇ ಮಗಳು ಮಗ್ಗಿ ಕಲಿತಳು. ಆದರೆ ಊರಿಗೆಲ್ಲ ಉಣಿಸಿದ ಸುಲ್ಲ ಒಂದು ದಿನವೂ ತ್ರಾಮಿಗೆ ಕೂತವನಲ್ಲ. ಎಲ್ಲರೂ ಕೈ ತೊಳೆದು ಎದ್ದ ಮೇಲೆ ಒಲೆಯ ಬಳಿ ನಿಂತುಕೊಂಡೇ ತಳ ಹಿಡಿದ ಅನ್ನ ತಿನ್ನುತ್ತಿದ್ದ.

"ಅಪ್ಪಾ, ನೀನ್ಯಾಕೆ ಕೂರಲ್ಲ?" ಎಂದು ಮಗಳು ಕೇಳಿದಳಂತೆ.

"ನನ್ನ ಜೊತೆ ಕೂರೋಕೆ ಇನ್ನು ಮೂರು ಜನ ಎಲ್ಲಿಂದ ತರ್ಲಿ, ತಾಯಿ?" ಎಂದು ಅವನು ನಕ್ಕನಂತೆ.

ಆ ನಗು ಬೆಹನ್‌ಜಿಯೊಳಗೆ ಮುಳ್ಳಿನ ಹಾಗೆ ಮುರಿದುಕೊಂಡು ಉಳಿಯಿತು. ಸುಲ್ಲ ಬೆವರು ಸುರಿಸಿ ಮಗಳನ್ನು ಶ್ರೀನಗರದಲ್ಲಿ ಓದಿಸಿದ. ಅವಳು ಪಂತೋಜಿಯಾಗಿ ಮರಳುವಷ್ಟರಲ್ಲಿ ಮಣ್ಣು ಸೇರಿದ್ದ. ಬೆಹನ್‌ಜಿ ಅಪ್ಪನ ಪಾತ್ರೆಗಳನ್ನಿಡುತ್ತಿದ್ದ ಅಟ್ಟವನ್ನೇ ಗುಡಿಸಿ ಶಾಲೆ ಮಾಡಿದರು. ಒಂದು ಪುಸ್ತಕಕ್ಕೆ ನಾಲ್ಕು ಹುಡುಗಿಯರು, ಚಾಪೆಯ ನಾಲ್ಕು ಬದಿಗೆ ನಾಲ್ವರು. ಯಾರ ಪಕ್ಕ ಯಾರು ಎಂದು ಆರಿಸುವ ಹಾಗಿಲ್ಲ. ಎದುರುಬದಿಯವಳು ತಲೆಕೆಳಗಾಗಿಯೇ ಓದಬೇಕು. ಇವತ್ತಿಗೂ ನನಗೆ ಪುಸ್ತಕವನ್ನು ತಿರುಗಿಸಿ ಹಿಡಿದರೇ ಓದು ಸಲೀಸು!

ನನ್ನ ಪಕ್ಕದವಳು ಗುರುಮನೆತನದ ಪೀರರ ಮಗಳು ನಸೀಮ್. ಒಂದು ದಿನ ಅವಳ ತಾಯಿ ಬೀಬಿ ಮೂಗಿಗೆ ಸೆರಗು ಹಿಡಿದುಕೊಂಡು ಅಟ್ಟ ಹತ್ತಿದಳು.

"ಏನೇ, ನನ್ನ ಮಗಳನ್ನ ಮೀನಿನ ಬುಟ್ಟಿ ಪಕ್ಕ ಕೂರಿಸಿದೀಯಾ? ಆ ದೋಣಿಯವಳನ್ನ ಬೇರೆ ಕಡೆ ಹಾಕು."

"ನಾಲ್ವರಿಗೂ ಒಂದೇ ಪುಸ್ತಕ, ಬೀಬಿ. ಇವಳೆದ್ದರೆ ನಾಲ್ವರೂ ಏಳ್ತಾರೆ."

"ಅಡುಗೆಯವನ ಮಗಳಿಗೆ ಇಷ್ಟು ಕೊಬ್ಬಾ! ನೋಡ್ತೀನಿ, ನಿನ್ನ ತ್ರಾಮಿಗೆ ಯಾರು ಕೂರ್ತಾರೆ ಅಂತ!"

ನಸೀಮಳ ರಟ್ಟೆ ಹಿಡಿದು ಎಳೆದುಕೊಂಡು ಹೋದಳು. ಅವಳ ಹಿಂದೆ ದೊಡ್ಡ ಮನೆಗಳ ಹುಡುಗಿಯರೆಲ್ಲ ಹೋದರು. ಶಾಲೆಯಲ್ಲಿ ಉಳಿದದ್ದು ನಾವು, ದೋಣಿಯವರ ಮಕ್ಕಳು. ಮದುವೆಗಳಿಗೆ ಬೆಹನ್‌ಜಿಗೆ ಕರೆ ಬರುತ್ತಿತ್ತು, ಕರೆಯದಿದ್ದರೆ ಓಣಿಗೇ ಅವಮಾನವಲ್ಲವೇ? ಆದರೆ ಅವರು ಹೋಗಿ ಕೂತರೆ ಅಕ್ಕಪಕ್ಕದ ಹೆಂಗಸರು ಮಂಡಿ ಎಳೆದುಕೊಂಡು ಸರಿದುಬಿಡುತ್ತಿದ್ದರು. ನಾಲ್ವರಾಗದೆ ತ್ರಾಮಿ ಕೆಳಗಿಡುವುದಿಲ್ಲ. ಬಡಿಸುವವನು ಭಾರ ಹೊತ್ತು ನಿಂತಿದ್ದಷ್ಟು ಹೊತ್ತು ಎಲ್ಲರ ಕಣ್ಣೂ ಅವರ ಮೇಲೆ. ಹೊಟ್ಟೆ ಸರಿಯಿಲ್ಲ ಎಂದು ಹೇಳಿ ಅವರು ಎದ್ದು ಬರುತ್ತಿದ್ದರು. ಮನೆಗೆ ಬಂದು ಮೈ ಕಾಯಿಸುವ ಕಾಂಗ್ರಿ ಕುಡಿಕೆಯ ಕೆಂಡ ಕೆದಕಿ, ಬಟ್ಟಲು ಉಪ್ಪಿನ ಚಹಾ ಕುಡಿದು, ಒಬ್ಬರೇ ಮಲಗುತ್ತಿದ್ದರು.

ಇದೆಲ್ಲ ನನಗೆ ಗೊತ್ತಾದದ್ದು ತಡವಾಗಿ. ನನ್ನನ್ನು ದೂರದ ವುಲರ್ ಸರೋವರದ ಕಡೆಗೆ ಕೊಟ್ಟಿದ್ದರು. ಗಂಡ ತೀರಿಕೊಂಡ ಮೇಲೆ, ಹೋದ ವರ್ಷ ಚಿನಾರ್ ಮರದ ಎಲೆ ಉದುರುವ ಕಾಲಕ್ಕೆ, ತವರಿಗೆ ವಾಪಸು ಬಂದೆ. ಬೆಹನ್‌ಜಿ ಮುದುಕಿಯಾಗಿದ್ದರು, ಮಂಡಿ ಹಿಡಿದುಕೊಂಡು ಅಟ್ಟ ಇಳಿಯುತ್ತಿದ್ದರು. ಕಥೆ ಕೇಳಿ ನನಗೆ ಮೈಯೆಲ್ಲ ಉರಿದುಹೋಯಿತು.

"ಮಾನ ಮರ್ಯಾದೆ ಇಲ್ವಾ ನಿಮಗೆ? ಮತ್ತೆ ಮತ್ತೆ ಯಾಕೆ ಹೋಗ್ತೀರಾ?"

"ಹೋಗೋದು ಬಿಟ್ಟರೆ ಬೀಬಿ ಗೆದ್ದ ಹಾಗೆ. ಸಾಯೋದ್ರೊಳಗೆ ಒಂದ್ಸಲ ನಾಲ್ವರಲ್ಲಿ ಒಬ್ಬಳಾಗಿ ಕೂತು ಉಣ್ಬೇಕು ಕಣೇ, ಖೋತನ್. ಅಷ್ಟೇ ನನ್ನಾಸೆ."

ಪುಣ್ಯಾತ್ಗಿತ್ತಿ, ಬೇರೇನೂ ಕೇಳಲಿಲ್ಲ.

ಆಮೇಲೆ ಬಂತು ನಸೀಮಳ ಮಗಳ ಮದುವೆ. ಬೀಬಿ ಸತ್ತಿದ್ದಳು; ಅವಳ ಮಾತು ಸತ್ತಿರಲಿಲ್ಲ. ನಾನು ಬೆಹನ್‌ಜಿಯ ಬಲಕ್ಕೆ ಕೂತೆ. ಇನ್ನೆರಡು ಜಾಗ ಖಾಲಿಯೇ ಉಳಿದವು. ಮೀಸೆಯ ಬಡಿಸುವವನು ತ್ರಾಮಿ ಹೊತ್ತು ಬಂದು ನಿಂತ.

"ಇಬ್ಬರೇ ಇದೀರಲ್ಲ, ಅಜ್ಜಿ. ನನ್ನ ಕೈ ಬಿದ್ದೋಗ್ತಿದೆ."

ಬೆಹನ್‌ಜಿ ಏಳಲೆಂದು ನೆಲಕ್ಕೆ ಕೈಯೂರಿದರು. "ಹೊಟ್ಟೆ ಸರಿಯಿಲ್ಲಪ್ಪ," ಎಂದರು. ಅಷ್ಟರಲ್ಲಿ ನಸೀಮ್ ಬಂದು ಅವರ ಎಡಗಡೆಗೆ ಕೂತುಬಿಟ್ಟಳು. ಹುಡುಗಿಯ ತಾಯಿ! ಕೊನೆಯ ಅತಿಥಿ ಕೈ ತೊಳೆಯುವ ತನಕ ಮನೆಯೊಡತಿ ಒಂದು ಅಗುಳೂ ಮುಟ್ಟುವಂತಿಲ್ಲ.

"ಅಯ್ಯಯ್ಯೋ, ನೀನೇ ಕೂತ್ರೆ ಹೇಗೇ? ಜನ ಏನಂದಾರು?" ಎಂದಳು ಅವಳ ಅತ್ತೆ.

"ಏನಾದ್ರೂ ಅಂದ್ಕೊಳ್ಲಿ. ಇದು ನನ್ನ ಜಾಗ. ಚಿಕ್ಕವಳಿದ್ದಾಗ ಎಬ್ಬಿಸ್ಕೊಂಡು ಹೋದ್ರು."

ನಾಲ್ಕನೆಯವಳಿಗಾಗಿ ಕಾದೆವು. ಅಷ್ಟು ದೊಡ್ಡ ಡೇರೆಯಲ್ಲಿ ಒಬ್ಬಳೂ ಅಲ್ಲಾಡಲಿಲ್ಲ.

"ಇಡಪ್ಪ," ಎಂದರು ಬೆಹನ್‌ಜಿ. "ನಾಲ್ಕನೆಯವನು ಒಲೆ ಹತ್ರ ಇದಾನೆ."

ಅವನು ಇಟ್ಟ. ಬೆಹನ್‌ಜಿ ಕಬಾಬು ಮುರಿದು ನಾಲ್ಕು ಪಾಲು ಮಾಡಿದರು. ನಾಲ್ಕನೆಯದನ್ನು ಅನ್ನದ ಜೊತೆ ಬಟ್ಟಲಿಗೆ ಹಾಕಿ ಅವನ ಕೈಗೆ ಕೊಟ್ಟರು.

"ಅಡುಗೆಯವನಿಗೆ ಕೊಡು. ಬಿಸಿ ಇರೋವಾಗ್ಲೇ ತಿನ್ನು ಅಂತ ಹೇಳು. ಕೂತ್ಕೊಂಡು ತಿನ್ನು ಅಂತ ಹೇಳು."

ಆಮೇಲೆ ದೇವರ ಹೆಸರು ಹೇಳಿ ತಮ್ಮ ಬದಿಯ ಅನ್ನಕ್ಕೆ ಕೈ ಹಾಕಿದರು.