ತಣ್ಣೀರಿನ ಹಿಟ್ಟು

ಆಗೆಲ್ಲ ನಮ್ಮ ಕುಷ್ಟಗಿ ಕಡೆಯ ಹಳ್ಳಿಗಳಲ್ಲಿ ಬೆಳಗಾದರೆ ಸಾಕು, ಮನೆಮನೆಯಿಂದ ರೊಟ್ಟಿ ಬಡಿಯುವ ಸಪ್ಪಳ ಬರುತ್ತಿತ್ತು. ಒಳಗೆ ಬಡಿಯುತ್ತಿರುವವಳು ಪಳಗಿದವಳೋ ಹೊಸಬಳೋ ಎಂದು ಕಟ್ಟೆಯ ಮೇಲೆ ಕುಳಿತ ಹೆಂಗಸರು ಸಪ್ಪಳ ಕೇಳಿಯೇ ಹೇಳಿಬಿಡುತ್ತಿದ್ದರು. ನೀವೂ ಆ ಕಡೆಯವರಾದರೆ ಹೌದೆಂದು ತಲೆಯಾಡಿಸುತ್ತೀರಿ. ಆ ಸಪ್ಪಳವೇ ಒಂದು ಚಳಿಗಾಲ ನನ್ನ ಕುತ್ತಿಗೆಗೆ ಬಂದಿತ್ತು.

ಆಗ ನಾನು ಏಳನೇ ಕ್ಲಾಸು. ಅವ್ವ ಹಿತ್ತಲಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಳು. ಬಿದಿರು ದಬ್ಬೆ ಇಟ್ಟು ಕೈ ಕಟ್ಟಿದರು. ಮರುದಿನದಿಂದ ನನ್ನ ಶಾಲೆ ಬಂದ್, ಒಲೆಯ ಮುಂದೆ ಕೂಡುವುದು ಶುರು. ಅವ್ವನನ್ನು ನೋಡಿಕೊಳ್ಳಲೆಂದು ಕಾರಟಗಿ ಕಡೆಯಿಂದ ಅಪ್ಪನ ಅಕ್ಕ ಬಂದಳು. ನೋಡಿಕೊಂಡಳು, ನಿಜ. ಕಟ್ಟೆಯ ಮೇಲೆ ಕುಳಿತು, ಎಲೆ ಅಡಿಕೆ ಹಾಕಿಕೊಳ್ಳುತ್ತಾ, ಚೆನ್ನಾಗಿಯೇ ನೋಡಿಕೊಂಡಳು. ಒಲೆ ಕಡೆ ಬಾ ಎಂದರೆ ಮೊಣಕಾಲು ನೋಯುತ್ತಿತ್ತು.

ಬಂದ ಸಂಜೆಯೇ ಅಪ್ಪನ ಮುಂದೆ ಮಾತು ತೆಗೆದಳು.

"ತಮ್ಮಾ, ನನ್ನ ಮಗ ಬಸುಗ ನಿನ್ನ ಮಗಳು ಮಂಜೀನ್ನ ತಗೋಬೇಕಂತ ಮಾಡೀನಿ. ಅನ್ನ ತಿನ್ನೂ ಊರಾದ್ರೂ ನಮ್ಮ ಮನಿಯಾಗ ಗಂಡಸರಿಗೆ ರೊಟ್ಟಿನಽ ಬೇಕು. ಸಂಕ್ರಾಂತಿ ಮಟ ನೋಡ್ತೀನಿ. ಈಕಿಗೆ ರೊಟ್ಟಿ ಬಂತಂದ್ರ ಮಾತು ಮುಗಿಸಿ ಹೋಗಾಕಿ. ಬರಲಿಲ್ಲಂದ್ರ ಸಾಲಿಗೆರ ಹಾಕು, ಎಲ್ಲಿಗೆರ ಕಳಿಸು, ನನಗ ಬ್ಯಾಡ."

ಅಕ್ಕನ ಮುಂದೆ ಅಪ್ಪನ ಬಾಯಿಗೆ ಬೀಗ. "ನೀ ಹೇಳಿದಂಗ ಆಗ್ಲಿಬೇ," ಅಂದ, ಅಷ್ಟೇ. ನನ್ನನ್ನು ಯಾರು ಕೇಳಿದರು!

ನಮ್ಮದು ಮಾಳಿಗೆ ಮನೆ. ಅಡುಗೆಮನೆಗೆ ಕಿಟಕಿ ಇರಲಿಲ್ಲ. ಮೇಲೆ ಒಂದು ಗವಾಕ್ಷಿ, ಅದರಿಂದ ತಟ್ಟೆಯಷ್ಟು ಬಿಸಿಲು ಇಳಿಯುತ್ತಿತ್ತು. ಹೊಗೆ ಹೊರಗೆ ಹೋಗುತ್ತಿದ್ದುದೂ, ಶಾಲೆಯ ಗಂಟೆ ಒಳಗೆ ಬರುತ್ತಿದ್ದುದೂ ಅದರಿಂದಲೇ. ಗಂಟೆ ಬಾರಿಸಿದಾಗ ನನ್ನ ಗೆಳತಿಯರು ಪ್ರಾರ್ಥನೆಗೆ ನಿಂತಿರುತ್ತಾರೆ ಎಂದು ನೆನೆಯುತ್ತಾ ಒಲೆ ಊದುತ್ತಿದ್ದೆ. ಕುರಿಮರಿಯನ್ನಾದರೂ ಮೇಯಲು ಬಿಡುತ್ತಿದ್ದರು; ನನ್ನನ್ನು ನೀರಿಗೂ ಹೊರಗೆ ಬಿಡುತ್ತಿರಲಿಲ್ಲ.

ರೊಟ್ಟಿ ನನಗೆ ವಾರದೊಳಗೇ ಬಂದಿತ್ತು. ಇದು ಯಾರಿಗೂ ಗೊತ್ತಿರಲಿಲ್ಲ. ಕುದಿಯುವ ಎಸರು ಹಾಕಿ ನಾದಿದರೆ ಹಿಟ್ಟಿಗೆ ಜಿಗುಟು ಬರುತ್ತದೆ, ಎಷ್ಟು ಬಡಿದರೂ ಹಿಗ್ಗುತ್ತದೆ. ತಣ್ಣೀರು ಹಾಕಿದರೆ ಅಂಚು ಬಿರಿದು, ಎತ್ತುವಾಗ ಹರಿದು ಬೀಳುತ್ತದೆ. ನಾನು ಒಲೆಯ ಮೇಲೆ ಎಸರು ಕುದಿಯಲು ಬಿಟ್ಟು, ಕೊಡದ ತಣ್ಣೀರು ಹಾಕಿ ಕಲಸುತ್ತಿದ್ದೆ. ಸಪ್ಪಳವೂ ಹಾಗೆಯೇ, ಕುಂಟುತ್ತಾ ಬರುತ್ತಿತ್ತು. ಅತ್ತೆ ಹರಕು ರೊಟ್ಟಿ ಎತ್ತಿ ಹಿಡಿದು, "ಇದೇನ ಸೊಸಿ, ರೊಟ್ಟಿನೋ ಹಳೇ ಗೋಣಿಚೀಲನೋ?" ಎಂದು ಹೀಯಾಳಿಸುತ್ತಿದ್ದಳು. ನಾನು ತಲೆ ತಗ್ಗಿಸುತ್ತಿದ್ದೆ, ಒಳಗೊಳಗೇ ಕುಣಿಯುತ್ತಿದ್ದೆ.

ಒಂದು ಬೆಳಗ್ಗೆ ಅವ್ವ ಕೊಡದ ಹತ್ತಿರ ನನ್ನ ಕೈ ನೋಡಿಬಿಟ್ಟಳು. ಎಡಗೈಯಿಂದ ಕೊಡವನ್ನು ನನ್ನ ಕಡೆ ಇನ್ನಷ್ಟು ಸರಿಸಿದಳು.

ಹೀಗೆ ಭೋಗಿ ಹಬ್ಬ ಬಂತು. ಅವತ್ತು ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಆಗಲೇಬೇಕು. ಹೊಸ ಸಜ್ಜೆ ಹಿಟ್ಟಿನ ಘಮ, ಬದನೆಕಾಯಿ ಎಣಗಾಯಿ, ಕೆಂಪು ಖಾರ, ಗುರೆಳ್ಳು ಹಿಂಡಿ, ಬೆಣ್ಣೆ. ಹರಕು ರೊಟ್ಟಿ ತಿಂದು ತಿಂದು ನನಗೂ ಸಾಕಾಗಿತ್ತು. ಕೈ ತಾನೇ ಎಸರಿಗೆ ಹೋಯಿತು. ನಾದಿದೆ, ಬಡಿದೆ. ಮೇಲೆ ನೀರು ಸವರಿ, ಎಳ್ಳು ಉದುರಿಸಿ, ಅಂಗೈಯಿಂದ ಮೆಲ್ಲಗೆ ತಟ್ಟಿದೆ. ಹಂಚಿನ ಮೇಲೆ ಎಳ್ಳು ಚಟಪಟ ಸಿಡಿದು ರೊಟ್ಟಿ ಪೂರಿಯ ಹಾಗೆ ಉಬ್ಬಿತು. ಅದನ್ನು ನೋಡಿದ ಖುಷಿಯಲ್ಲಿ ನಾನು ಅತ್ತೆಯನ್ನೂ ಮರೆತೆ, ಬಸುವನ್ನೂ ಮರೆತೆ, ಎರಡನೆಯದು ಬಡಿಯತೊಡಗಿದೆ.

"ನೀಲವ್ವಾ, ಒಳಗ ಯಾರಬೇ ಬಡಿಯಾಕತ್ತಾರ? ಭಾಳ ಛಲೋ ಸಪ್ಪಳ ಬರಾಕತ್ತೈತಿ!" ಕಟ್ಟೆಯ ಮೇಲೆ ಕುಳಿತಿದ್ದ ನೆರೆಮನೆಯವಳು ಅತ್ತೆಯನ್ನು ಕೇಳಿದಳು.

ಅತ್ತೆ ಕಟ್ಟೆಯಿಂದ ಎದ್ದಳು. ಅವತ್ತು ಮೊಣಕಾಲು ನೋಯಲಿಲ್ಲ. ಓಡಲು ಇನ್ನೊಂದು ಬಾಗಿಲಿರಲಿಲ್ಲ.

ಒಲೆಯ ಹತ್ತಿರವೇ ಕುಳಿತಿದ್ದ ಅವ್ವ ನನ್ನನ್ನು ಭುಜದಿಂದ ಪಕ್ಕಕ್ಕೆ ನೂಕಿದಳು. ಹಲ್ಲಿನಿಂದ ಕಟ್ಟು ಬಿಚ್ಚಿ, ದಬ್ಬೆ ಕಿತ್ತು ಕಟ್ಟಿಗೆಯ ಸಂದಿಗೆ ತುರುಕಿದಳು. ಮುರಿದ ಕೈಯಲ್ಲೇ ರೊಟ್ಟಿ ಬಡಿಯತೊಡಗಿದಳು. ಅತ್ತೆ ಬಾಗಿಲಿಗೆ ಬಂದಾಗ ಸಪ್ಪಳ ನಿಂತಿರಲಿಲ್ಲ.

"ಅಯ್ಯ ಹುಚ್ಚಿ, ಕಟ್ಟು ಬಿಚ್ಚಿ ಬಡಿಯಾಕತ್ತೀಯಲ್ಲ! ಅಳಾಕತ್ತೀಯೇನ?"

"ಕಣ್ಣಿಗೆ ಹೊಗಿರಿ ಅಕ್ಕಾರ," ಅಂದಳು ಅವ್ವ. "ಹಬ್ಬದ ದಿನಾನೂ ಹರಕು ರೊಟ್ಟಿ ಹೆಂಗ ತಿನ್ನೂದು? ಈಕಿ ಕೈಯಾಗ ರೊಟ್ಟಿ ಆಗಂಗಿಲ್ಲ ಬಿಡ್ರಿ."

ಅತ್ತೆ ಬುಟ್ಟಿಯಲ್ಲಿದ್ದ ನನ್ನ ರೊಟ್ಟಿ ಮುರಿದು ಬಾಯಿಗೆ ಹಾಕಿಕೊಂಡಳು. "ಕೈ ಮುರಿದ್ರೂ ರೊಟ್ಟಿ ಅಂದ್ರ ಇದು ನೋಡು," ಎಂದು ಅವ್ವನನ್ನು ಹೊಗಳಿ, ನನ್ನನ್ನು ನೋಡಿ ಮುಖ ಸಿಂಡರಿಸಿದಳು. ನನ್ನ ರೊಟ್ಟಿಗೆ ಸಿಕ್ಕ ಹೊಗಳಿಕೆ ಅದೊಂದೇ.

ಅವಳು ಹೊರಗೆ ಹೋದ ಮೇಲೆ ನಾನು ಅವ್ವನ ಬಾತ ಕೈ ಹಿಡಿದು ಅತ್ತುಬಿಟ್ಟೆ. ಅವ್ವ ಗದರಿದಳು.

"ಬಾಯಿ ಮುಚ್ಚು, ಕೇಳ್ಸೀತು. ನಿನಗಿಂತ ಸಣ್ಣಾಕಿ ಇದ್ದಾಗ ನನಗ ರೊಟ್ಟಿ ಬಂತು ಮಂಜಿ. ಅವತ್ತು ಒಲಿ ಮುಂದ ಕುಂತಾಕಿ ಇನ್ನೂ ಎದ್ದಿಲ್ಲ ನೋಡು."

ಸಂಕ್ರಾಂತಿ ಮುಗಿಸಿಕೊಂಡು ಅತ್ತೆ ಊರಿಗೆ ಹೋದಳು, ಬಸುಗೆ ಬೇರೆ ಕಡೆ ಹೆಣ್ಣು ನೋಡಿದಳು. ನಾನು ಮತ್ತೆ ಶಾಲೆಗೆ ಹೋದೆ. ಅವ್ವನ ಮಣಿಕಟ್ಟು ಮಾತ್ರ ಸೊಟ್ಟಗೇ ಕೂಡಿಕೊಂಡಿತು. ಆ ಸೊಟ್ಟ ಕೈಯಿಂದಲೇ ಕೊನೆಯವರೆಗೂ ಬಡಿದಳು, ನನ್ನನ್ನು ಒಲೆಯ ಹತ್ತಿರ ಬಿಡಲೇ ಇಲ್ಲ. "ನಿನ್ನ ಕೈಗೆ ಬರೂದಿಲ್ಲ, ಹೋಗು, ಓದ್ಕೋ," ಅನ್ನುತ್ತಿದ್ದಳು.

ಈಗ ಕೊಪ್ಪಳದಲ್ಲಿ ನನಗೊಂದು ನೌಕರಿ ಇದೆ, ಅಡುಗೆಮನೆಗೆ ದೊಡ್ಡ ಕಿಟಕಿ ಇದೆ. ಓಣಿಯ ಅಂಗಡಿಯಲ್ಲಿ ಮಷಿನ್ ರೊಟ್ಟಿ ಸಿಗುತ್ತದೆ, ಎಲ್ಲವೂ ಒಂದೇ ಅಳತೆ. ಬೆಳಗ್ಗೆ ಯಾವ ಮನೆಯಿಂದಲೂ ಸಪ್ಪಳ ಬರುವುದಿಲ್ಲ. ಈ ಸಲ ಭೋಗಿಗೆ ಹಟ ಹಿಡಿದು ಸಜ್ಜೆ ಹಿಟ್ಟು ತಂದೆ. ಎಸರು ಕುದಿಸಿಯೇ ನಾದಿದೆ, ಎಳ್ಳು ಹಚ್ಚಿದೆ. ಎತ್ತಿದರೆ ನಡುವೆಯೇ ಹರಿಯಿತು. ಇನ್ನೊಂದು ಬಡಿದೆ, ಅದೂ ಹರಿಯಿತು.

ಅವ್ವ ನನಗಾಗಿ ಹೇಳಿದ ಸುಳ್ಳು ಈಗ ಖರೆ ಆಗಿದೆ. ಹೇಳೋಣವೆಂದರೆ ಅವ್ವನೇ ಇಲ್ಲ.