ನಾಲ್ಕು ಕಲ್ಲಿನ ಮನುಷ್ಯ

ಲಿಫ್ಟ್ ಕಂಪನಿಯಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಮೇಸ್ತ್ರಿಯಿಂದ ಹಿಡಿದು ಚಹಾ ತರುವವಳವರೆಗೆ ಎಲ್ಲರ ಬಾಯಲ್ಲೂ ಅವನು ‘ನಾಲ್ಕು ಕಲ್ಲು’. ಇದೇನು ಹೊಗಳಿಕೆಯಲ್ಲ, ಮೊದಲೇ ಹೇಳಿಬಿಡುತ್ತೇನೆ.

ಲಿಫ್ಟ್ ಕೂರಿಸಿದ ಮೇಲೆ ಒಂದು ಪರೀಕ್ಷೆ ಇರುತ್ತದೆ. ಮಿತಿ ಮೀರಿ ಭಾರ ಬಿದ್ದರೆ ಲಿಫ್ಟು ಗಂಟೆ ಹೊಡೆದು ಅಲ್ಲೇ ನಿಂತುಬಿಡಬೇಕು. ನಿಲ್ಲುತ್ತದೋ ಇಲ್ಲವೋ ನೋಡಬೇಕು. ಅದಕ್ಕೆ ಇಪ್ಪತ್ತೈದು ಕೆಜಿಯ ಕಬ್ಬಿಣದ ತೂಕಗಳಿವೆ. ಕಬ್ಬಿಣವಾದರೂ ಕೆಲಸದವರ ಬಾಯಲ್ಲಿ ಅವು ಕಲ್ಲು. ವ್ಯಾನಿನಿಂದ ಇಳಿಸಿ, ಮೆಟ್ಟಿಲು ಹತ್ತಿಸಿ, ಒಂದೊಂದಾಗಿ ಲಿಫ್ಟಿಗೆ ತುಂಬಿ, ಪರೀಕ್ಷೆ ಮುಗಿದ ಮೇಲೆ ಅಷ್ಟನ್ನೂ ವಾಪಸ್ ಹೊರುವಷ್ಟರಲ್ಲಿ ಎಂಥವನ ಸೊಂಟವೂ ಬಿದ್ದುಹೋಗುತ್ತದೆ. ಮೇಸ್ತ್ರಿ ಸೋಮಾರಿಯಲ್ಲ, ಬುದ್ಧಿವಂತ. ನೂರಾ ಆರು ಕೆಜಿಯ ಮನುಷ್ಯ ಪಕ್ಕದಲ್ಲೇ ನಿಂತಿರುವಾಗ ಅಷ್ಟೊಂದು ಕಲ್ಲು ಯಾಕೆ ಹೊರಬೇಕು ಅಂತ ಒಂದು ದಿನ ಅವನಿಗೆ ಹೊಳೆಯಿತು.

“ಅಣ್ಣಾ, ನೀನೇ ಒಳಗೆ ನಿಂತ್ಕೊಂಡ್ಬಿಡು. ನಾಲ್ಕು ಕಲ್ಲು ಹೊರೋದು ತಪ್ಪುತ್ತೆ.”

ಎಲ್ಲರೂ ನಕ್ಕರು. ಅವನೂ ನಕ್ಕ. ಅವತ್ತು ನಕ್ಕಿದ್ದೇ ತಪ್ಪಾಯಿತು ಅಂತ ಆಮೇಲೆ ಹೆಂಡತಿಯ ಹತ್ತಿರ ಎಷ್ಟು ಸಲ ಗೊಣಗಿದನೋ ಲೆಕ್ಕವಿಲ್ಲ.

ಯಾಕೆಂದರೆ ಅವನು ಸಾಮಾನಲ್ಲ, ಮೆಕ್ಯಾನಿಕ್. ಲಿಫ್ಟ್ ಓಡಾಡುವ ಆ ಕತ್ತಲೆ ಬಾವಿಯಲ್ಲಿ, ಲಿಫ್ಟಿನ ನೆತ್ತಿಯ ಮೇಲೆ ನಿಂತು ಮೂವತ್ತು ವರ್ಷ ಕೆಲಸ ಮಾಡಿದವನು. ಉಕ್ಕಿನ ಹಗ್ಗದ ಮೇಲೆ ಹಳೇ ಬಟ್ಟೆ ಆಡಿಸಿ, ಎಲ್ಲಿ ಎಳೆ ಕಿತ್ತು ಬಟ್ಟೆಗೆ ಸಿಕ್ಕಿತು ಅಂತ ಕಣ್ಣುಮುಚ್ಚಿ ಹೇಳುತ್ತಿದ್ದವನು. ಈ ಮೇಸ್ತ್ರಿಗೆ ಸ್ಪ್ಯಾನರ್ ಹಿಡಿಯಲು ಕಲಿಸಿದವನೂ ಅವನೇ. ಆದರೆ ಬಾವಿಗೆ ಇಳಿಯುವವರು ಕಟ್ಟಿಕೊಳ್ಳುವ ಸೇಫ್ಟಿ ಬೆಲ್ಟಿನ ಮೇಲೆ ‘ನೂರು ಕೆಜಿ’ ಅಂತ ಅಚ್ಚು ಹಾಕಿದೆ. ಅವತ್ತವತ್ತು ಒಳಗೆ ಇಳಿಯುವವರು ಯಾರ್‍ಯಾರು ಅಂತ ಮೇಸ್ತ್ರಿ ಒಂದು ಚೀಟಿ ಬರೆಯುತ್ತಾನೆ. ಐವತ್ತಮೂರನೇ ವಯಸ್ಸಿಗೆ ಅವನು ಆ ಚೀಟಿಯಿಂದ ಹೊರಗೆ ಬಿದ್ದ.

ಸುಮ್ಮನೆ ಕೂತನೇ? ಇಲ್ಲ. ಹಟಕ್ಕೆ ಬಿದ್ದು ನಲವತ್ತು ದಿನ ಬರೀ ಹಣ್ಣಿನ ರಸ ಕುಡಿದ. ಕಣ್ಣು ಗುಳಿ ಬಿತ್ತು, ಮಾತೆತ್ತಿದರೆ ಸಿಡಿದ, ಹನ್ನೊಂದು ಕೆಜಿ ಇಳಿದ. ಮೇಸ್ತ್ರಿ ಖುಷಿಯಾಗಿ ಹೆಸರು ಬರೆದ. ನಾಲ್ಕೇ ತಿಂಗಳಲ್ಲಿ ಆ ಹನ್ನೊಂದೂ ಬಡ್ಡಿ ಸಮೇತ ವಾಪಸ್ ಬಂತು. ನಾಚಿಕೆಗೆ ಯಾರಿಗೂ ಹೇಳದೆ ಕೆಲಸಕ್ಕೆ ಹೋಗುತ್ತಿದ್ದವನು ಒಂದು ಮಧ್ಯಾಹ್ನ ಲಿಫ್ಟಿನ ಚಾವಣಿಯ ಕಿಂಡಿಯಲ್ಲಿ ಸಿಕ್ಕಿಕೊಂಡ. ಮೇಲಿಂದ ವೈರ್‌ಮ್ಯಾನ್ ಎಳೆದ, ಕೆಳಗಿಂದ ಮೇಸ್ತ್ರಿ ನೂಕಿದ, ಆ ಕಟ್ಟಡದ ಜನವೆಲ್ಲ ಬಾಗಿಲಲ್ಲಿ ನಿಂತು ನೋಡಿದರು. ಮಾನ ಮೂರು ಕಾಸಿಗೆ ಹೋಯಿತು.

“ನಿನ್ನ ಕೈ ಮೇಲೆ ನಂಗೆ ನಂಬಿಕೆ ಇದೆ ಅಣ್ಣಾ, ಹೊಟ್ಟೆ ಮೇಲಿಲ್ಲ. ಇನ್ಮೇಲೆ ಚೀಟಿ ವಿಷಯ ಎತ್ಬೇಡ,” ಅಂದ ಮೇಸ್ತ್ರಿ. ಆ ಮೇಲೆಯೇ ಈ ಕಲ್ಲಿನ ಕೆಲಸ ಶುರುವಾದದ್ದು.

ಅರವತ್ತಕ್ಕೆ ನಿವೃತ್ತಿ. ಅಷ್ಟರೊಳಗೆ ಮತ್ತೆ ಚೀಟಿಯಲ್ಲಿ ಹೆಸರು ಬರಬೇಕು, ಮೆಕ್ಯಾನಿಕ್ ಆಗಿಯೇ ಮನೆಗೆ ಹೋಗಬೇಕು. ಇಷ್ಟೇ ಅವನ ಆಸೆ. ಐವತ್ತೈದು ತುಂಬಿದ ವಾರ ಬಡಾವಣೆಯ ಡಾಕ್ಟರಮ್ಮನ ಹತ್ತಿರ ಹೋಗಿ, ಬೇಗ ಇಳಿಯೋಕೆ ಏನು ಮಾಡಲಿ ಅಂತ ಕೇಳಿದ. ಆಕೆ ಕನ್ನಡಕದ ಮೇಲಿಂದ ನೋಡಿದಳು.

“ಇದು ಮೈಗೆ ಹತ್ತೋಕೆ ಎಷ್ಟು ವರ್ಷ ತಗೊಳ್ತು?”

“ಒಂದಿಪ್ಪತ್ತು.”

“ಮತ್ತೆ ನಲವತ್ತು ದಿನದಲ್ಲಿ ಹೋಗು ಅಂದ್ರೆ ಹೋಗುತ್ತಾ? ತಿಂಗಳಿಗೆ ಒಂದು ಕೆಜಿ ಹೋದ್ರೆ ಸಾಕು. ಹೋಗದೆ ಇರೋ ತಿಂಗಳೂ ಇರುತ್ತೆ, ಆಗ ನನ್ನ ಹತ್ರ ಬಂದು ಅಳಬೇಡಿ.”

ಮನೆಗೆ ಬಂದು ತಾನು ತಿನ್ನುವುದನ್ನು ಒಂದು ವಾರ ಗಮನಿಸಿದ. ತಟ್ಟೆಯ ಊಟ ಎಲ್ಲರ ಹಾಗೆಯೇ ಇತ್ತು. ಊಟ ಆದ ಮೇಲಿನ ಊಟವೇ ಬೇರೆ. ಪಾತ್ರೆಯ ತಳದಲ್ಲಿ ಅನ್ನ ಉಳಿದರೆ, “ರೀ, ಇದೊಂಚೂರು ಹಾಕ್ಕೊಳ್ಳಿ, ಚೆಲ್ಲೋದ್ಯಾಕೆ,” ಅನ್ನುತ್ತಿದ್ದಳು ಹೆಂಡತಿ. ಮೊಮ್ಮಗಳು ಬಿಟ್ಟ ಅರ್ಧ ತಟ್ಟೆ, ಬೆಳಗಿನ ಉಳಿಕೆ, ನೆಂಟರು ತಂದ ಸಿಹಿಯ ಕೊನೆಯ ತುಂಡು, ಎಲ್ಲಕ್ಕೂ ದಾರಿ ಒಂದೇ. ಇಪ್ಪತ್ತು ವರ್ಷ ಅವನು ಆ ಮನೆಯ ಕೊನೆಯ ಪಾತ್ರೆಯಾಗಿದ್ದ. ಮನೆಯಲ್ಲಿ ಪಾತ್ರೆ, ಕೆಲಸದಲ್ಲಿ ಕಲ್ಲು, ಥೂ, ಮನುಷ್ಯ ಯಾವಾಗ ನಾನು ಅಂತ ಅವನಿಗೆ ತನ್ನ ಮೇಲೇ ಸಿಟ್ಟು ಉಕ್ಕಿತು.

ಮಾರನೇ ದಿನ ಹೆಂಡತಿ ಸೌಟು ಎತ್ತಿದಾಗ ಅವನು ತಟ್ಟೆಗೆ ಕೈ ಅಡ್ಡ ಹಿಡಿದ.

“ಬೇಡ ಕಣೇ.”

“ಹಾಗಾದ್ರೆ ಚೆಲ್ಲಲಾ?”

“ಚೆಲ್ಲು. ನನ್ನ ಹೊಟ್ಟೆಗೆ ಹಾಕಿದ್ರೂ ಅದು ಚೆಲ್ಲಿದ ಹಾಗೇನೇ.”

ಅವಳಿಗೆ ಮುಖಕ್ಕೆ ಹೊಡೆದ ಹಾಗಾಯಿತು. ಎರಡು ದಿನ ಅಡುಗೆಮನೆಯಲ್ಲಿ ಬರೀ ಪಾತ್ರೆ ಕುಕ್ಕುವ ಸದ್ದು. ಮೂರನೇ ದಿನ ಪಾತ್ರೆಯಲ್ಲಿ ಉಳಿದದ್ದನ್ನು ನಿಜವಾಗಿಯೂ ಚೆಲ್ಲಿದಳು, ಅವನ ಕಣ್ಣೆದುರಿಗೇ, ಬೇಕಂತಲೇ. ಅವನು ಕುರ್ಚಿ ಬಿಟ್ಟು ಏಳಲಿಲ್ಲ. ನಾಲ್ಕನೇ ದಿನದಿಂದ ಅವಳೇ ಅಕ್ಕಿಯನ್ನು ಒಂದು ಹಿಡಿ ಕಡಿಮೆ ಹಾಕತೊಡಗಿದಳು.

ಎರಡನೆಯದು ಮೆಟ್ಟಿಲು. ಮೂವತ್ತು ವರ್ಷ ಊರಿಗೆಲ್ಲ ಲಿಫ್ಟ್ ಓಡಿಸಿದವನು ಮೆಟ್ಟಿಲು ಹತ್ತಿದ್ದು ಕರೆಂಟು ಹೋದಾಗ ಮಾತ್ರ. ಮೊದಲ ತಿಂಗಳು, ಹೋಗಬೇಕಾದ ಮಹಡಿಗಿಂತ ಒಂದು ಮಹಡಿ ಕೆಳಗೇ ಲಿಫ್ಟಿನಿಂದ ಇಳಿದು ಉಳಿದದ್ದನ್ನು ಹತ್ತಿದ. ಎರಡನೇ ತಿಂಗಳೂ ಒಂದೇ. ಮೂರನೇ ತಿಂಗಳು ಎರಡು. ಹೀಗೆ ಆರು ಮಹಡಿ ಹತ್ತುವಂತಾಗಲು ಒಂದೂವರೆ ವರ್ಷ ಹಿಡಿಯಿತು. ವೈರ್‌ಮ್ಯಾನ್ ಲಿಫ್ಟಿನ ಬಾಗಿಲು ಹಿಡಿದು, “ಏನಣ್ಣಾ, ನಮ್ಮ ಲಿಫ್ಟಿನ ಮೇಲೆ ನಿಂಗೇ ನಂಬಿಕೆ ಇಲ್ವಾ?” ಅಂತ ಹಲ್ಲು ಕಿರಿಯುತ್ತಿದ್ದ. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಉತ್ತರ ಕೊಡಲು ಉಸಿರೂ ಇರುತ್ತಿರಲಿಲ್ಲ ಅನ್ನಿ.

ತೂಕ ಮಾತ್ರ ಬಸವನ ಹುಳದ ಹಾಗೆ ಇಳಿಯಿತು. ತೊಂಬತ್ತೊಂದಕ್ಕೆ ಬಂದು ಐದು ತಿಂಗಳು ಅಲ್ಲೇ ಗೂಟ ಹೊಡೆದು ಕೂತಿತು. ಡಾಕ್ಟರಮ್ಮ ಅಳಬೇಡಿ ಅಂದಿದ್ದಳಲ್ಲ, ಅಳಲಿಲ್ಲ; ತೂಕದ ಯಂತ್ರವನ್ನು ಬಾಯಿಗೆ ಬಂದ ಹಾಗೆ ಬೈದು, ತಿಂಡಿ ತಿಂದು, ಕೆಲಸಕ್ಕೆ ಹೋದ. ಅಷ್ಟರಲ್ಲಿ ಅಕ್ಕ ಬಂದಳು. ಬಾಗಿಲಲ್ಲೇ ನಿಂತು ಎದೆ ಮೇಲೆ ಕೈ ಇಟ್ಟುಕೊಂಡಳು.

“ಏನೋ ಇದು ಅವತಾರ! ಏನಾದ್ರೂ ಕಾಯಿಲೆ ಮುಚ್ಚಿಡ್ತಿದೀಯೇನೋ? ಈ ವಯಸ್ಸಲ್ಲಿ ಮೈಯಲ್ಲಿ ನಾಲ್ಕು ಸೇರು ಮಾಂಸ ಇರಬೇಕಪ್ಪಾ.”

“ನಾಲ್ಕಲ್ಲ ಅಕ್ಕಾ, ನಲವತ್ತಿತ್ತು. ಇನ್ನೂ ಇದೆ, ಹೆದರ್ಬೇಡ.”

ಎರಡೂವರೆ ವರ್ಷಕ್ಕೆ ಎಂಬತ್ತೊಂದಕ್ಕೆ ಬಂದ. ಮೇಸ್ತ್ರಿಯ ಮುಂದೆ ಹೋಗಿ ನಿಂತ. ಮೇಸ್ತ್ರಿ ತಲೆಯೆತ್ತಿಯೂ ನೋಡಲಿಲ್ಲ.

“ಹೋದ ಸಲವೂ ಇಳಿದಿದ್ದೆಯಲ್ಲ? ಒಂದು ವರ್ಷ ಹೀಗೇ ಇದ್ದು ತೋರ್ಸು, ಆಮೇಲೆ ನೋಡೋಣ.”

ಆ ವರ್ಷವೇ ಕಷ್ಟದ್ದು. ಇಳಿಯುವಾಗ ದಿನಕ್ಕೊಂದು ಆಸೆ ಇರುತ್ತದೆ, ಯಂತ್ರದ ಮುಳ್ಳು ಸರಿಯುತ್ತದೆ. ಇದ್ದಲ್ಲೇ ಇರುವುದಕ್ಕೆ ಯಾರು ಭೇಷ್ ಅನ್ನುತ್ತಾರೆ? ಸೋದರಳಿಯನ ಮದುವೆಯಲ್ಲಿ ಎರಡು ಕೆಜಿ ಏರಿತು. ಉಪವಾಸ ಕೂರಲಿಲ್ಲ, ರಸ ಕುಡಿಯಲಿಲ್ಲ. ಮತ್ತೆ ಅದೇ ಅನ್ನ, ಅದೇ ಮೆಟ್ಟಿಲು, ಏಳು ವಾರಕ್ಕೆ ಆ ಎರಡು ಹೋಯಿತು. ಹದಿನಾಲ್ಕು ತಿಂಗಳು ಹೀಗೆ ಕಾದ. ಮೇಸ್ತ್ರಿ ಮಾತ್ರ ‘ನೋಡೋಣ’ದಿಂದ ಒಂದು ಇಂಚು ಅಲ್ಲಾಡಲಿಲ್ಲ, ಪರೀಕ್ಷೆ ಬಂದಾಗಲೆಲ್ಲ ಅವನನ್ನು ಒಳಗೆ ನಿಲ್ಲಿಸುವುದನ್ನೂ ಬಿಡಲಿಲ್ಲ. ಗಂಟೆ ಹೊಡೆಯದಿದ್ದರೆ ಹೊಡೆಯುವವರೆಗೂ ಗಂಟೆಯ ಪೆಟ್ಟಿಗೆಯ ಸ್ಕ್ರೂ ತಿರುಗಿಸುತ್ತಿದ್ದ. ಆಮೇಲೆ ಎಂಟು ಜನರ ಲಿಫ್ಟು ಏಳೇ ಜನ ಹತ್ತಿದರೂ ಕಿರುಚುತ್ತದೆ ಅಂತ ಎರಡು ಕಟ್ಟಡಗಳಿಂದ ದೂರು ಬಂತು.

“ಜನ ತಿಂದು ತಿಂದು ದಪ್ಪ ಆಗಿದಾರೆ, ಲಿಫ್ಟ್ ಏನು ಮಾಡುತ್ತೆ?” ಅಂದ ಮೇಸ್ತ್ರಿ.

“ಜನ ಅಲ್ಲ ಮೇಸ್ತ್ರೀ, ನಾನು ಸಣ್ಣ ಆಗಿದೀನಿ. ನಾನೀಗ ನಾಲ್ಕು ಕಲ್ಲಲ್ಲ.”

“ಹೂಂ ಹೂಂ, ನೀನು ಹೂವು,” ಅಂದ ಮೇಸ್ತ್ರಿ, ಮತ್ತೆ ಎಲ್ಲರೂ ನಕ್ಕರು. ಈ ಸಲ ಅವನು ನಗಲಿಲ್ಲ. ದಿನಾ ನೋಡುವ ಕಣ್ಣಿಗೆ ಮನುಷ್ಯ ಕಾಣುವುದಿಲ್ಲ ನೋಡಿ, ಇಟ್ಟ ಹೆಸರು ಮಾತ್ರ ಕಾಣುತ್ತದೆ. ದೊಗಳೆ ಕೆಲಸದ ಬಟ್ಟೆಯೊಳಗೆ ಅವನು ಎಷ್ಟಿದ್ದಾನೆ ಅಂತ ಒಬ್ಬರೂ ತಿರುಗಿ ಲೆಕ್ಕ ಹಾಕಿರಲಿಲ್ಲ.

ಕೊನೆಗೆ ಒಂದು ಬೆಳಿಗ್ಗೆ, ಹತ್ತು ಮಹಡಿಯ ಹಳೇ ಕಟ್ಟಡವೊಂದಕ್ಕೆ ಹಾಕಿದ ಹೊಸ ಲಿಫ್ಟಿನ ಪರೀಕ್ಷೆ ಬಂತು. ಗಂಟೆಯ ಪೆಟ್ಟಿಗೆಗೆ ಕಾರ್ಖಾನೆಯೇ ಸೀಲು ಹಾಕಿ ಕಳಿಸಿತ್ತು. ಸ್ಕ್ರೂ ಮುಟ್ಟುವ ಹಾಗಿಲ್ಲ. ಆರುನೂರು ಕೆಜಿಗೆ ಹೊಡೆಯಬೇಕು. ಸಾಲದ್ದಕ್ಕೆ ಹೆಡ್ ಆಫೀಸಿನಿಂದ ಇನ್‌ಸ್ಪೆಕ್ಟರ್ ಮೇಡಂ ಬಂದಿದ್ದಳು. ಆಕೆ ಮೇಲೆ ಮೋಟಾರು ನೋಡುತ್ತಿದ್ದಾಗ ಕೆಳಗೆ ಇಪ್ಪತ್ತು ಕಲ್ಲು ತುಂಬಿದರು. ಇನ್ನು ನಾಲ್ಕು ಎಂದಿನಂತೆ ವ್ಯಾನಿನಲ್ಲೇ ಉಳಿದವು.

“ಹತ್ತಣ್ಣಾ.”

ಅವನು ಹತ್ತಿ ನಿಂತ. ಗಂಟೆ ಹೊಡೆಯಲಿಲ್ಲ. ಇಳಿಸಿ ಹತ್ತಿಸಿದರು, ಇಲ್ಲ. “ಸ್ವಲ್ಪ ಕುಣಿ,” ಅಂದ ಮೇಸ್ತ್ರಿ. ಅವನು ಕುಣಿಯಲಿಲ್ಲ. ಮೇಡಂ ಇಳಿದು ಬಂದಳು. ಎರಡು ತಿಂಗಳಿಂದ ಮೆಟ್ಟಿಲು ಹತ್ತಿ ಕಾಲು ಸೋತ ಮನೆಗಳವರೂ ಬಂದು ಸುತ್ತ ನಿಂತರು.

“ಪೆಟ್ಟಿಗೆಯೇ ಕೆಟ್ಟಿದೆ ಮೇಡಂ. ಕಾರ್ಖಾನೆಗೆ ವಾಪಸ್ ಕಳಿಸಬೇಕು, ಇನ್ನೊಂದು ತಿಂಗಳಾಗುತ್ತೆ,” ಅಂದ ಮೇಸ್ತ್ರಿ.

ಮೇಡಂ ಲಿಫ್ಟಿನೊಳಗೆ ಇಣುಕಿದಳು. “ಇವರ್‍ಯಾಕೆ ಒಳಗಿದಾರೆ?”

“ಅವನಾ ಮೇಡಂ, ಅವನು ನಾಲ್ಕು ಕಲ್ಲು,” ಅಂದುಬಿಟ್ಟ ಮೇಸ್ತ್ರಿ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡ.

ಅವನ ಮೈಯೆಲ್ಲ ಬಿಸಿಯಾಯಿತು. ಲಿಫ್ಟಿನಿಂದ ಹೊರಗೆ ಬಂದ. “ಪೆಟ್ಟಿಗೆ ಚೆನ್ನಾಗಿದೆ ಮೇಡಂ. ಕೆಟ್ಟಿರೋದು ಇವರ ಲೆಕ್ಕ. ಒಂದು ನಿಮಿಷ ಇರಿ.”

ನೆಟ್ಟಗೆ ರಸ್ತೆಗೆ ಹೋಗಿ ವ್ಯಾನಿನಿಂದ ಒಂದು ಕಲ್ಲು ಎಳೆದುಕೊಂಡ. “ಕೊಡಣ್ಣಾ ಇಲ್ಲಿ,” ಅಂತ ವೈರ್‌ಮ್ಯಾನ್ ಓಡಿ ಬಂದರೆ ಕೊಡಲಿಲ್ಲ. ಎಂಟು ಮೆಟ್ಟಿಲು ಹತ್ತುವಷ್ಟರಲ್ಲಿ ಎರಡು ಸಲ ನಿಂತು ಹಿಡಿತ ಬದಲಿಸಿಕೊಂಡ. ಈ ಭಾರ ಅವನಿಗೆ ಗುರುತಿನದು. ಇದೇ ಇಪ್ಪತ್ತೈದು ಕೆಜಿಯನ್ನು ಉಂಡಾಗ, ಮಲಗಿದಾಗ, ಬಸ್ಸು ಹತ್ತುವಾಗ ಇಳಿಸದೆ ಹೊತ್ತಿದ್ದನಲ್ಲ! ಇಷ್ಟು ಹೊತ್ತೂ ನಾನು ಸಾಯಲಿಲ್ಲವಲ್ಲ ಅಂತ ಅವನಿಗೆ ಸಿಟ್ಟೂ ಬಂತು, ಅಳುವೂ ಬಂತು. ಎರಡನ್ನೂ ನುಂಗಿ ಕಲ್ಲನ್ನು ಎದೆಗೆ ಅವಚಿಕೊಂಡು ಲಿಫ್ಟಿನೊಳಗೆ ಕಾಲಿಟ್ಟ.

ಗಂಟೆ ಕಟ್ಟಡ ಹಾರಿಹೋಗುವ ಹಾಗೆ ಹೊಡೆಯಿತು.

“ನೂರಾ ಆರಿದ್ದೆ ಮೇಡಂ,” ಗಂಟೆಯ ಮೇಲೆ ದನಿ ಎತ್ತಿ ಅವನು ಹೇಳಿದ. “ಈಗ ಎಂಬತ್ತೊಂದು. ಹದಿನಾಲ್ಕು ತಿಂಗಳಿಂದ ಎಂಬತ್ತೊಂದು. ಇಳಿದಿದ್ದು ಇಷ್ಟು, ಕೈಯಲ್ಲಿದೆ, ನೋಡಿ.”

ಕಲ್ಲನ್ನು ಉಳಿದ ಇಪ್ಪತ್ತರ ಪಕ್ಕ ಇಳಿಸಿ ಹೊರಗೆ ಬಂದ. ಗಂಟೆ ನಿಂತಿತು. ಮನೆಗಳವರಲ್ಲಿ ಒಬ್ಬ ಅಜ್ಜಿ ಚಪ್ಪಾಳೆ ತಟ್ಟಿದಳು. ಮೇಡಂ ನಗಲಿಲ್ಲ, ಉಳಿದ ಮೂರು ಕಲ್ಲನ್ನೂ ತರಿಸಿ, ಮನುಷ್ಯರಿಲ್ಲದೆ ಇಪ್ಪತ್ನಾಲ್ಕು ಜೋಡಿಸಿ ಗಂಟೆ ಹೊಡೆಸಿ, ದೂರು ಬಂದಿದ್ದ ಆ ಎರಡು ಕಟ್ಟಡಗಳ ಪರೀಕ್ಷೆಯನ್ನೂ ಹೊಸದಾಗಿ ಮಾಡಬೇಕು ಅಂತ ಮೇಸ್ತ್ರಿಯ ಮುಖ ನೋಡಿಕೊಂಡೇ ಬರೆದುಕೊಂಡಳು. ಆಮೇಲೆ, ಹಗ್ಗ ನೋಡಬೇಕು, ಮೇಲೆ ಯಾರು ಹೋಗುತ್ತೀರಿ ಅಂದಳು.

ಮೇಸ್ತ್ರಿ ಚೀಟಿ ತೆಗೆದು ವೈರ್‌ಮ್ಯಾನ್ ಹೆಸರು ಬರೆದ, ಕೆಳಗೆ ತನ್ನದನ್ನು ಬರೆಯಲು ಹೋದ. ಅವನು ಚೀಟಿಯ ಮೇಲೆ ಕೈ ಇಟ್ಟ.

“ನನ್ನ ಹೆಸರು ಬರಿ.”

“ಅಣ್ಣಾ, ನಾಳೆ ಮತ್ತೆ ಏರಿದ್ರೆ?”

“ಏರಿದ್ರೆ ಅವತ್ತು ಹೆಸರು ಹೊಡೆದುಹಾಕು. ನಾಳೆ ಏರ್‍ತೀನಿ ಅಂತ ಇವತ್ತು ಯಾಕೆ ಶಿಕ್ಷೆ ಕೊಡ್ತೀಯ? ವಾರಕ್ಕೊಂದು ಸಲ ತೂಗು ಬೇಕಾದ್ರೆ, ನಿಲ್ತೀನಿ. ಆದ್ರೆ ಇನ್ಮೇಲೆ ಕಲ್ಲಾಗಿ ಮಾತ್ರ ನಿಲ್ಲಲ್ಲ. ಬರಿ.”

ಮೇಸ್ತ್ರಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ, ಬಹುಶಃ ನಾಲ್ಕು ವರ್ಷದಲ್ಲಿ ಮೊದಲ ಸಲ. ನೋಡಿ, ಹೆಸರು ಬರೆದ.

ಬೆಲ್ಟು ಬಿಗಿದುಕೊಂಡು, ಮೊದಲನೇ ಮಹಡಿಯ ಬಾಗಿಲಿಂದ ಅವನು ಲಿಫ್ಟಿನ ನೆತ್ತಿಗೆ ಇಳಿದ. ಬಟ್ಟೆ ತುಂಡಿನಲ್ಲಿ ಹಗ್ಗ ಹಿಡಿದು ಮೆಲ್ಲಗೆ, ಬಹಳ ಮೆಲ್ಲಗೆ ಸವರುತ್ತಾ ಹೋದ. ಒಂದು ಗಂಟೆ ಕಳೆಯಿತು. ಕೆಳಗಿಂದ ಮೇಸ್ತ್ರಿ ಕೂಗಿದ, “ಹೊಸ ಹಗ್ಗ ಅಣ್ಣಾ, ಎಷ್ಟು ಅಂತ ನೋಡ್ತೀಯ? ಸಾಕು, ಇಳಿದು ಬಾ, ಕಲ್ಲು ಹೊರೋಕೆ ಜನ ಇಲ್ಲ!”

“ಮೆಕ್ಯಾನಿಕ್ ಕೆಲಸದಲ್ಲಿದಾನೆ,” ಮೇಲಿಂದ ದನಿ ಬಂತು. “ನೀನೇ ಹೊರು.”